ಪಂದ್ಯದ ನಡುವೆ ಬಿದ್ದವನು

ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ಎಜ್ರಾ ಫ್ರಾಸ್ಟ್ ಚಳಿಗಾಲದಲ್ಲಿ ಮೀನು ಹಿಡಿಯುತ್ತಿದ್ದ, ಬೇಸಿಗೆಯಲ್ಲಿ ಒಬ್ಬ ಧಣಿಯ ಪಂದ್ಯದ ಹಾಯಿಹಡಗಿನಲ್ಲಿ ದುಡಿಯುತ್ತಿದ್ದ. ಕೌಸ್ ಬಂದರಿನಲ್ಲಿ ಅಮೆರಿಕದವರ ಎದುರು ಪಂದ್ಯವಿದ್ದ ವರ್ಷ ತನ್ನ ತಮ್ಮ ಜಾಬೆಜ್‌ನನ್ನೂ ಅದೇ ಹಡಗಿನ ಕೆಲಸಕ್ಕೆ ಸೇರಿಸಿದ. ಕೊನೆಯ ತಿರುವಿನಲ್ಲಿ ಅಲೆಯೊಂದು ಜಾಬೆಜ್‌ನನ್ನು ಹಡಗಿನಿಂದ ಎತ್ತಿ ಒಯ್ದಿತು.

“ಹಡಗು ತಿರುಗ್ಸಿ, ಕಪ್ತಾನ್ರೇ! ನನ್ ತಮ್ಮ ಬಿದ್ದ!” ಎಂದು ಎಜ್ರಾ ಅರಚಿದ.

“ಈ ಗಾಳೀಲಿ ತಿರುಗ್ಸಿದ್ರೆ ಕಂಬ ಮುರಿದು ಎಲ್ರೂ ಸಾಯ್ತೀವಿ ಕಣೋ! ಹಿಂದೆ ಬರೋ ಕಾವಲು ದೋಣಿಯೋರು ಎತ್ಕೋತಾರೆ. ನೀನು ಹಗ್ಗ ಬಿಡ್ಬೇಡ!”

ಕಪ್ತಾನ ಹೇಳಿದ್ದು ನಿಜವೆಂದು ಎಜ್ರಾನಿಗೂ ಗೊತ್ತಿತ್ತು. ಹಾಯಿಯ ಹಗ್ಗ ಹಿಡಿದೇ ಹಿಂತಿರುಗಿ ನೋಡಿದ. ತಮ್ಮ ಒಮ್ಮೆ ಕೈಯೆತ್ತಿದ. ಆಮೇಲೆ ಬರೀ ನೊರೆ.

ಅವರು ಗೆದ್ದರು. ದಡದಲ್ಲಿ ಜನ ಟೋಪಿ ಹಾರಿಸಿದರು. ಕಾವಲು ದೋಣಿ ಜಾಬೆಜ್ ಇಲ್ಲದೆ ಬಂತು.

ಮರುಬೇಸಿಗೆಯಲ್ಲೂ ಎಜ್ರಾ ಅದೇ ಹಡಗು ಹತ್ತಿದ. ಊರಿನಲ್ಲಿ ಬೇರೆ ಕೆಲಸವಿರಲಿಲ್ಲ.