ಗೌರತ್ತಿಯ ಬಾಯಲ್ಲಿ ನನ್ನ ಪರೀಕ್ಷೆ

ಹಲ್ಲಿನ ಸೆಟ್ ಮಾಡುವ ಗುಲಾಬಿ ಮೇಣವನ್ನು ದೀಪದ ಮೇಲೆ ಹಿಡಿದರೆ ಒಂದು ವಾಸನೆ ಬರುತ್ತದೆ. ಪ್ಲಾಸ್ಟಿಕ್ ಗೊಂಬೆಯನ್ನು ಒಲೆಯ ಹತ್ತಿರ ಮರೆತುಬಂದಂಥ ವಾಸನೆ. ಬನಹಟ್ಟಿಯ ನನ್ನ ದವಾಖಾನೆಯಲ್ಲಿ ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದಾಗ, ಇಷ್ಟು ವರ್ಷಗಳಾದ ಮೇಲೂ ಕಿವಿಯಲ್ಲಿ ಪರೀಕ್ಷೆಯ ಗಂಟೆ ಹೊಡೆಯಿತು. ಹೊರಗೆ ಬೋರ್ಡಿನ ಮೇಲೆ 'ದಂತವೈದ್ಯೆ' ಎಂದು ದೊಡ್ಡದಾಗಿ ಬರೆಸಿದ್ದೇನೆ. ಆ ಬೋರ್ಡಿನ ಹಿಂದೆ ಒಂದು ನಪಾಸು, ಓಡಿಹೋದ ಒಬ್ಬ ಅಜ್ಜ ಮತ್ತು ನಮ್ಮ ಗೌರತ್ತಿ ಇದ್ದಾರೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ಹಲ್ಲುನೋವಿದ್ದರೆ ಮಾತ್ರ ಮೊದಲೇ ತಿಳಿಸಿಬಿಡಿ.

ಮೊದಲು ನನ್ನ ದನಿಯ ವಿಷಯ. ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳು. ಅವು ಓಡುವಾಗ ಪಕ್ಕದಲ್ಲಿ ಕೂತವರಿಗೆ ಚಹಾ ಬೇಕೇ ಎಂದು ಕೇಳುವುದಕ್ಕೂ ಎದೆಯಾಳದಿಂದ ಕೂಗಬೇಕು. ಹೀಗಾಗಿ ನಮ್ಮ ಓಣಿಯಲ್ಲಿ ಗುಟ್ಟು ಎಂಬುದೇ ಇಲ್ಲ. ಅಪ್ಪ ಅವ್ವನ ಕಿವಿಯಲ್ಲಿ ಹೇಳಿದ್ದು ಪಕ್ಕದೂರು ರಬಕವಿಗೆ ಕೇಳಿಸುತ್ತಿತ್ತು. ದಂತವೈದ್ಯಕೀಯ ಕಾಲೇಜು ಸೇರುವವರೆಗೆ ಇದೊಂದು ದೋಷವೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿ ನಾನು "ಬಾಯಿ ತಗೀರೀ!" ಎಂದರೆ ಅಕ್ಕಪಕ್ಕದ ಮೂರು ಕುರ್ಚಿಯವರೂ ಬಾಯಿ ತೆರೆಯುತ್ತಿದ್ದರು. ನನ್ನ ರೋಗಿ ಮಾತ್ರ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ಪಿಸುಗುಟ್ಟುವುದನ್ನು ಅಭ್ಯಾಸ ಮಾಡಿದೆ. "ನೋವಾಗೂದಿಲ್ರೀ" ಎಂದು ಪಿಸುಗುಟ್ಟಿದರೆ ಅವರು ಇನ್ನೂ ಹೆಚ್ಚು ಹೆದರಿದರು.

ಕೊನೆಯ ವರ್ಷ ಹಲ್ಲಿನ ಸೆಟ್ ಮಾಡುವ ಪರೀಕ್ಷೆಗೆ ಬೊಚ್ಚುಬಾಯಿಯವರೊಬ್ಬರನ್ನು ನಾವೇ ಹುಡುಕಿ ಕರೆದೊಯ್ಯಬೇಕಿತ್ತು. ನಾನು ರನ್ನ ಬೆಳಗಲಿಯ ಅಜ್ಜ ಒಬ್ಬರನ್ನು ಕಾಡಿ ಬೇಡಿ ಒಪ್ಪಿಸಿದೆ. ಪರೀಕ್ಷೆಯ ದಿನ, ವಸಡಿನ ಅಚ್ಚು ತೆಗೆಯುವ ಟ್ರೇಗೆ ಮೆತ್ತನೆಯ ಹಿಟ್ಟಿನಂಥದ್ದನ್ನು ತುಂಬಿ ಅವರ ಬಾಯಲ್ಲಿಟ್ಟೆ. ಅಜ್ಜ ಉಸಿರು ಬಿಗಿಹಿಡಿದರು. ನನಗೆ ಗಾಬರಿಯಾಯಿತು. ಗಾಬರಿಯಾದರೆ ನನ್ನ ದನಿ ನನ್ನ ಮಾತು ಕೇಳುವುದಿಲ್ಲ.

"ಅಜ್ಜಾರ, ಹೆದರಬ್ಯಾಡ್ರೀ!"

ಅಷ್ಟೇ. ಅಜ್ಜ ಎದ್ದವರು ಮುಧೋಳದ ಬೇಟೆನಾಯಿಯ ಹಾಗೆ ಓಡಿದರು. ಟ್ರೇಯ ಹಿಡಿಕೆ ತುಟಿಗಳ ನಡುವಿನಿಂದ ಹೊರಗೆ ಚಾಚಿತ್ತು. ಗೇಟಿನವರೆಗೆ ನಾನೂ ಓಡಿದೆ. ಅವರು ಬಸ್ ಹತ್ತಿಬಿಟ್ಟಿದ್ದರು. ನಾನು ನಪಾಸು. ಒಂದು ವಾರದ ನಂತರ ಅವರ ಊರಿನವರೊಬ್ಬರ ಕೈಯಲ್ಲಿ ಟ್ರೇ ವಾಪಸ್ ಬಂತು. ಜೊತೆಗೆ ಒಂದು ಬೆಲ್ಲದ ಪೆಂಟಿ. "ಹುಡುಗಿ ಛಲೋ ಐತಿ, ಒದರೂದೊಂದು ಬಿಡ್ಲಿ" ಎಂದು ಹೇಳಿಕಳಿಸಿದ್ದರು.

ಅಪ್ಪ ಬೈಯಲಿಲ್ಲ. ಮಗ್ಗದ ಮುಂದೆ ಬಾಗಿ ಗಂಟು ಹಾಕುತ್ತ, "ಒಂದ ಎಳಿ ಕಡದ್ರ ಸೀರಿ ಬಿಸಾಕ್ತೀವೇನ ಯವ್ವಾ? ಮತ್ತ ಕೂಡ್ರು" ಎಂದ. ಬೈದಿದ್ದರೆ ಅರ್ಧ ದಿನದ ಅಳುವಿನಲ್ಲಿ ಮುಗಿಯುತ್ತಿತ್ತು. ಬೈಯದೆ ಇದ್ದದ್ದಕ್ಕೆ ನಾನು ಆರು ತಿಂಗಳು ಓದಿದೆ. ಓದಿನಿಂದ ಹಲ್ಲಿಲ್ಲದ ಬಾಯಿ ಸಿಗಬೇಕಲ್ಲ? ಸುದ್ದಿ ಹಬ್ಬಿತ್ತು. ನನ್ನ ಹೆಸರು ಕೇಳಿದರೆ ಜಮಖಂಡಿಯಿಂದ ಬೀಳಗಿಯವರೆಗಿನ ಬೊಚ್ಚುಬಾಯಿಗಳೆಲ್ಲ ಒಮ್ಮೆಗೇ ಮುಚ್ಚಿಕೊಳ್ಳುತ್ತಿದ್ದವು.

ಉಳಿದದ್ದು ಪಕ್ಕದ ಮನೆಯ ಗೌರತ್ತಿ, ಅಪ್ಪನ ಅಕ್ಕ. ಬಾಯಲ್ಲಿ ಒಂದೂ ಹಲ್ಲಿಲ್ಲ. ಜೀವನವೆಲ್ಲ ಮಗ್ಗದ ಪಕ್ಕದಲ್ಲೇ ಕಳೆದದ್ದರಿಂದ ಕಿವಿಯೂ ಮಂದ. ಕೇಳಿದರೆ, "ಹಲ್ಲ ತಾವಾಗೇ ಹ್ವಾದವು, ನಾ ಏನ್ ಹೋಗಂದಿದ್ನೇನು? ಈಗ್ಯಾಕ ಕರೀಲಿ?" ಎಂದಳು. ನಾನು ಅವಳ ಕಟ್ಟೆಯ ಮೇಲೆ ಕೂತು ಅಳತೊಡಗಿದೆ. ನನ್ನ ಅಳುವೂ ನನ್ನ ದನಿಯಷ್ಟೇ. ಎದುರು ಮನೆಯವರು ಯಾರೋ ಸತ್ತರೆಂದು ಮಗ್ಗ ನಿಲ್ಲಿಸಿ ಹೊರಬಂದರು.

"ಆತ ಬೇ, ಬರ್ತೀನಿ, ಬಾಯಿ ಮುಚ್ಚು" ಎಂದಳು ಗೌರತ್ತಿ.

ಎರಡನೆಯ ಪರೀಕ್ಷೆಯಲ್ಲಿ ಅಚ್ಚು ಸುಸೂತ್ರವಾಗಿ ಬಂತು. ಮೇಣದಲ್ಲಿ ಹಲ್ಲುಗಳನ್ನು ಕೂರಿಸಿ, ಅಳತೆ ನೋಡಲು ಅವಳ ಬಾಯಲ್ಲಿಟ್ಟೆ. ಪರೀಕ್ಷಕರು ದಕ್ಷಿಣದ ಕಡೆಯ ಒಬ್ಬ ಮೇಡಂ. ಬಗ್ಗಿ ನೋಡಿ, "ಅಜ್ಜಿ, ಒಂದ್ಸಲ ಕಚ್ಚಿ, ನೋಡೋಣ" ಎಂದರು. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಕೂಡುತ್ತದೆಯೇ ನೋಡಬೇಕಿತ್ತು. ಗೌರತ್ತಿಗೆ ಕೇಳಿಸಲಿಲ್ಲ. ನಾನು ಪಿಸುಗುಟ್ಟಿದೆ. ಅದೂ ಕೇಳಿಸಲಿಲ್ಲ. ಕೊನೆಗೆ ತಡೆಯದೆ ಕೂಗಿದೆ: "ಅತ್ತೀ, ಕಚ್ಚಬೇಕಂತ! ಕಚ್ಚು!"

ಮೇಡಂ ಅವರ ಕೋಟಿನ ತೋಳಿನಿಂದ ಒಂದು ದಾರ ಬಿಚ್ಚಿ, ಸರಿಯಾಗಿ ಅತ್ತಿಯ ಮೂಗಿನ ಮುಂದೆ ಜೋತಾಡುತ್ತಿತ್ತು. ನೇಯುವವರಿಗೆ ಜೋತಾಡುವ ದಾರ ಕಂಡರೆ ಸಹಿಸಲಾಗುವುದಿಲ್ಲ. ಸಾಲದ್ದಕ್ಕೆ ಕಚ್ಚಲು ಬೇರೆ ಹೇಳಿದ್ದೇವೆ. ಅತ್ತಿ ಕಚ್ಚಿ ಎಳೆದಳು. ದಾರ ಹರಿಯಲಿಲ್ಲ. ಮೇಣದಿಂದ ಕಿತ್ತುಬಂದ ಮುಂದಿನ ಹಲ್ಲೊಂದು ಮೇಡಂ ಅವರ ತೋಳಿನ ದಾರಕ್ಕೆ ಸಿಕ್ಕಿಕೊಂಡು ತೂಗಾಡಿತು.

"ಅಕ್ಕಾರ, ನಿಮ್ಮ ನೂಲು ಭಾಳ ಗಟ್ಟಿ ಐತ್ರೀ" ಎಂದಳು ಗೌರತ್ತಿ, ಮೆಚ್ಚುಗೆಯಿಂದ.

ನನಗೆ ಎರಡನೆಯ ನಪಾಸು ಕಣ್ಣಮುಂದೆ ನಿಂತಿತು. ಆದರೆ ಕೈ ನನಗಾಗಿ ಕಾಯಲಿಲ್ಲ. ದಾರದಿಂದ ಹಲ್ಲು ಬಿಡಿಸಿತು, ಸೆಟ್ ಹೊರತೆಗೆಯಿತು, ಮೇಣ ಕಾಸಿ ಹಲ್ಲನ್ನು ಅದರ ಜಾಗದಲ್ಲಿ ಕೂರಿಸಿತು. ಚಿಕ್ಕಂದಿನಿಂದ ಕಡಿದ ಎಳೆಗಳಿಗೆ ಗಂಟು ಹಾಕಿದ ಕೈ. ಅದಕ್ಕೆ ಇದೂ ಒಂದು ಎಳೆ. ಮತ್ತೆ ಸೆಟ್ ಬಾಯಲ್ಲಿಟ್ಟು, ಪಿಸುಗುಟ್ಟುವ ನಾಟಕ ಬಿಟ್ಟು ಕೂಗಿದೆ: "ಅತ್ತೀ, ಬರೇ ಹಲ್ಲಿಗಿ ಹಲ್ಲ ಹಚ್ಚು! ಯಾರ ಅಂಗೀನೂ ಬ್ಯಾಡ!"

"ಹಿಂಗ ಹೇಳಬೇಕ ನೋಡು. ಇಲ್ಲಿ ಉಳಿದವ್ರೆಲ್ಲ ಗುಣುಗುಣು ಅಂತಾರ," ಎಂದು ಅತ್ತಿ ಹಲ್ಲು ಕೂಡಿಸಿದಳು.

ಮೇಡಂ ಮತ್ತೆ ಬಗ್ಗಿ ಹಲ್ಲಿನ ಸಾಲು ನೋಡಿದರು. "ನಿಮ್ಮ ದನಿ ವಿಪರೀತ. ಕೈ ಮಾತ್ರ ಶಾಂತವಾಗಿದೆ," ಎಂದು ಏನೋ ಬರೆದುಕೊಂಡರು.

ಫಲಿತಾಂಶದ ದಿನ ಮನೆಗೆ ಫೋನ್ ಮಾಡಿದೆ. ನನ್ನ ಮಾತು ಕೇಳಲೆಂದು ಅಪ್ಪ ನಾಲ್ಕೂ ಮಗ್ಗ ನಿಲ್ಲಿಸಿದ. ಆ ಮನೆಯಿಂದ ಅಷ್ಟು ನಿಶ್ಶಬ್ದವನ್ನು ನಾನು ಎಂದೂ ಕೇಳಿರಲಿಲ್ಲ. "ಅಪ್ಪಾ, ಪಾಸಾದ್ನಿ" ಎಂದೆ. ಜೀವಮಾನದಲ್ಲಿ ಅದೊಂದೇ ಸಲ ನನ್ನ ದನಿ ತಾನಾಗಿಯೇ ಪಿಸುಮಾತಾಯಿತು.

"ಏನಂದಿ? ಕೇಳಸವಲ್ದು, ಜ್ವಾರಲೇ ಹೇಳು!" ಎಂದ ಅಪ್ಪ.

ಈಗ ನನ್ನ ಕುರ್ಚಿಯಲ್ಲಿ ಕೂರುವವರು ಹೆಚ್ಚಿನವರು ಮಗ್ಗದವರೇ. ನಾನು ಮೆಲ್ಲಗೆ ಮಾತಾಡಿದರೆ ಅವರಿಗೆ ನನ್ನ ಆರೋಗ್ಯದ ಚಿಂತೆಯಾಗುತ್ತದೆ. ಗೌರತ್ತಿಯೂ ನಾನು ಮಾಡಿಕೊಟ್ಟ ಸೆಟ್ ಹಾಕಿಕೊಂಡು ಆಗಾಗ ಬಂದು ಕಾಯುವ ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ನಕ್ಕು ತೋರಿಸುತ್ತಾಳೆ. ಮೊನ್ನೆ ಬಂದಾಗ ಮಾತ್ರ ಬಾಯಿ ಬರಿದಾಗಿತ್ತು. ಸೆಟ್ ಎಲ್ಲಿ ಎಂದರೆ, ಗೆಳತಿ ಶಾಂತವ್ವನಿಗೆ ಕೊಟ್ಟಿದ್ದಾಳಂತೆ.

"ಹಲ್ಲ ಕಡಾ ಕೊಡ್ತಾರೇನ ಬೇ!" ಎಂದು ಕೂಗಿದೆ.

"ಆಕೀ ಮೊಮ್ಮಗಳ ಮದವ್ಯಾಗ ಫೋಟೋ ತಗಸೂದಿತ್ತು. ತೊಳದ ಕೊಟ್ಟೇನಿ, ತೊಳದ ತಗೋತೀನಿ. ಆಕೀಗೂ ಬರೋಬ್ಬರಿ ಕುಂತಾವ."

ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಅಳತೆ ತೆಗೆಯಲು ನಾನು ವರ್ಷಗಟ್ಟಲೆ ಕಲಿತದ್ದೆಲ್ಲ ಆ 'ಬರೋಬ್ಬರಿ'ಯಲ್ಲಿ ಮುಳುಗಿಹೋಯಿತು. ಶಾಂತವ್ವನನ್ನೇ ಕರೆಸಿ, ಕುರ್ಚಿಯಲ್ಲಿ ಕೂರಿಸಿ, ಅವಳದೇ ಅಚ್ಚು ತೆಗೆಯತೊಡಗಿದೆ. ಗೌರತ್ತಿ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕಣ್ಣಿಟ್ಟು ನೋಡುತ್ತಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ಇಡೀ ಓಣಿಗೆ ಕೇಳುವಂತೆ ಗುಟ್ಟು ಹೇಳಿದಳು:

"ನನ್ನವಕ್ಕಿಂತ ಛಲೋ ಮಾಡಬ್ಯಾಡ ಮತ್ತ."