ಕುರಿ ಬಿತ್ತಿದ ಜಾಲಿ

ನನಗೊಂದು ರೋಗವಿದೆ. ಭಾನುವಾರ ಸೇಡಂನಲ್ಲಿ, ಅದೇ ತಾಲ್ಲೂಕಿನ ಮುಧೋಳದ ಬಸ್ಸು ಹತ್ತಿದ ಕೂಡಲೇ ನಾನು ಕೃಷಿ ತಜ್ಞನಾಗಿಬಿಡುತ್ತೇನೆ. ಉಳಿದ ದಿನಗಳಲ್ಲಿ ನಾನು ಹೈಸ್ಕೂಲಿನ ಇತಿಹಾಸದ ಮಾಸ್ತರ. ಮನೆಯ ತುಳಸಿಗೆ ನೀರು ಹಾಕುವುದನ್ನೂ ಹೆಂಡತಿ ನೆನಪಿಸಬೇಕು. ಹೊಲದ ಬದುವಿನ ಮೇಲೆ ನಿಂತರೆ ಮಾತ್ರ ಸಲಹೆಗಳು ಉಕ್ಕುತ್ತವೆ. ಅವನ್ನು ಕೇಳುವ ಕರ್ಮ ನನ್ನ ಅಕ್ಕ ಶಾಂತಮ್ಮನದು. ಹೊಲ ಅವಳದು, ದುಡಿಮೆಯೂ ಅವಳದೇ.

ಆ ಬದುವಿನ ತುಂಬ ಸರ್ಕಾರಿ ಜಾಲಿ. ಕಡಿದಷ್ಟೂ ಬುಡದಿಂದ ಚಿಗುರುತ್ತದೆ, ಥೇಟ್ ನನ್ನ ಸಲಹೆಗಳ ಹಾಗೆ. ಬೋಳು ನೆಲ ಹಸಿರಾಗಲಿ, ಬಡವರ ಒಲೆಗೆ ಕಟ್ಟಿಗೆಯಾಗಲಿ ಎಂದು ಯಾವುದೋ ದೂರದೇಶದಿಂದ ಯಾರೋ ಪುಣ್ಯಾತ್ಮರು ತಂದು ನೆಟ್ಟರಂತೆ. ಮುಂದಾಲೋಚನೆ ಇಲ್ಲದವರು ಎಂದು ತರಗತಿಯಲ್ಲಿ ಅವರನ್ನು ನಾನು ಬೈಯದ ವರ್ಷವಿಲ್ಲ.

ಕಳೆದ ಬೇಸಿಗೆಯಲ್ಲಿ ಅಕ್ಕ ಹೊಲದಲ್ಲಿ ಕುರಿ ನಿಲ್ಲಿಸಿದ್ದಳು. ಕುರಿಗಾರರಿಗೆ ಜೋಳ ಕೊಟ್ಟರೆ ಹಿಂಡು ಹೊಲದಲ್ಲೇ ಮಲಗುತ್ತದೆ, ಹಿಕ್ಕೆ ಗೊಬ್ಬರವಾಗುತ್ತದೆ. ನನಗೆ ತಟ್ಟನೆ ಹೊಳೆಯಿತು: ಜಾಲಿಯ ಕಾಯನ್ನೆಲ್ಲ ಕುರಿಗಳೇ ತಿಂದು ಮುಗಿಸಿದರೆ ಅದರ ವಂಶ ಬೆಳೆಯುವುದಾದರೂ ಎಲ್ಲಿಂದ?

"ದಿನಾ ಜಾಲಿ ಕಾಯೇ ಮೇಯಿಸ್ರಿ" ಎಂದು ಕುರಿಗಾರನಿಗೆ ಅಪ್ಪಣೆ ಮಾಡಿದೆ.

"ಆಯ್ತ್ರಿ ಮಾಸ್ತರ್, ಕುರಿಗೂ ಅದರ ಮ್ಯಾಲ ಭಾಳ ಆಸಿ" ಎಂದ ಅವನು.

ನನ್ನ ಯೋಜನೆಯನ್ನು ಕುರಿಗಳೆಲ್ಲ ಒಮ್ಮತದಿಂದ ಒಪ್ಪಿದವು. ಅದನ್ನು ನೋಡಿಯಾದರೂ ನಾನು ಎಚ್ಚರವಾಗಬೇಕಿತ್ತು.

ಮುಂಗಾರಿನ ಮಳೆ ಬಿದ್ದ ಮೇಲೆ ಅಕ್ಕನ ಫೋನು ಬಂತು. "ತಮ್ಮಾ, ನಿನ್ನ ಕುರಿ ಗೊಬ್ಬರ ಹಾಕ್ಯಾವೊ, ಬಿತ್ತಿಗಿ ಮಾಡ್ಯಾವೊ? ಬಂದ್ ನೋಡು."

ಹೋಗಿ ನೋಡಿದೆ. ಕುರಿಗಳು ಮಲಗಿದ್ದ ಕಡೆಯೆಲ್ಲ ಜಾಲಿಯ ಸಸಿ ಎದ್ದಿದ್ದವು. ಕಾಯಿಯ ಸಿಹಿ ಕುರಿಯ ಹೊಟ್ಟೆಗೆ ಹೋಗಿತ್ತು. ಗಟ್ಟಿ ಬೀಜ ಮಾತ್ರ ಅರಗದೆ ಹಿಕ್ಕೆಯ ಸಂಗಡ ಹೊಲಕ್ಕೆ ಬಿದ್ದಿತ್ತು. ಬದುವಿನ ಮೇಲಿದ್ದ ವೈರಿಯನ್ನು ನಡುಹೊಲಕ್ಕೆ ಕರೆತಂದು ಊಟಕ್ಕೂ ಇಕ್ಕಿದ್ದೆ. ಬಹಳ ನಾಚಿಕೆಯಾಯಿತು. ಅಕ್ಕ ನಂಬಿಕೊಂಡದ್ದು ಈ ಹೊಲದ ತೊಗರಿಯನ್ನೇ. ನೆಲ ಹಸಿಯಿರುವಾಗ ಬೇರುಸಹಿತ ಕೀಳದಿದ್ದರೆ ಬಿತ್ತುವ ಹಾಗಿಲ್ಲ; ಎರೆ ಮಣ್ಣು ಒಣಗಿದರೆ ಬೇರು ಒಳಗೇ ತುಂಡಾಗಿ ಉಳಿದು ಮತ್ತೆ ಚಿಗುರುತ್ತದೆ.

ಅಕ್ಕ ಬೈಯಲಿಲ್ಲ. ಕೈಗೊಂದು ಕಳೆ ಕೀಳುವ ಖುರಪಿ ಕೊಟ್ಟು, "ಇಲ್ಲಿಂದ ಹಿಡಿ" ಎಂದಳು. ಶಾಲೆಗೆ ರಜೆ ಹಾಕಿ ಅವಳ ಪಕ್ಕದ ಸಾಲು ಹಿಡಿದೆ. ಬದುವಿನ ಮೇಲೆ ನಿಂತು ನೋಡುವ ಹೊಲಕ್ಕಿಂತ ಕುಕ್ಕರಗಾಲಿನಲ್ಲಿ ಕುಳಿತು ನೋಡುವ ಹೊಲ ಬಹಳ ಉದ್ದ. ಸೊಂಟ ನೆಟ್ಟಗೆ ಮಾಡುವ ನೆವದಲ್ಲಿ ಎದ್ದು, "ಅಕ್ಕಾ, ಮುಂದಿನ ವರ್ಷ ಹಿಂಗ್ ಮಾಡಿದ್ರ..." ಎಂದೆ.

"ಮೊದಲ ಮುಂದಿನ ಸಾಲ್ ಮುಗಸು" ಎಂದಳು.

ಮುಗಿಸಿದೆ. ತೊಗರಿ ಬಿತ್ತನೆ ತಡವಾದರೂ ಆಯಿತು. ಈಗಲೂ ಮಳೆ ಬಂದ ಮರುದಿನ, ತಪ್ಪಿಸಿಕೊಂಡ ಸಸಿಗಳನ್ನು ಕೀಳಲು ಹೋಗುತ್ತೇನೆ.

ತರಗತಿಯಲ್ಲಿ ಆ ಪುಣ್ಯಾತ್ಮರನ್ನು ಬೈಯುವುದನ್ನು ಬಿಟ್ಟಿದ್ದೇನೆ. ಪಾಪ, ಅವರಿಗೆ ಹೊಳೆದದ್ದೂ ಒಳ್ಳೆಯದೇ. ಕರೆದು ಹೊಲ ತೋರಿಸಿ, ಕೈಗೆ ಖುರಪಿ ಕೊಟ್ಟು ಕೂರಿಸುವ ಒಬ್ಬ ಅಕ್ಕ ಅವರಿಗಿರಲಿಲ್ಲ, ಅಷ್ಟೇ.