ದೇವರ ಜಗಲಿ ಏರಿದ ಕಾರ್ಡು

ಆ ದಿನಗಳಲ್ಲಿ ಸೊಲ್ಲಾಪುರದ ಓಣಿಯ ಮಕ್ಕಳಾದ ನಾವು ಸದ್ದಾದರೆ ಏಳುತ್ತಿರಲಿಲ್ಲ, ಸದ್ದು ನಿಂತರೆ ಏಳುತ್ತಿದ್ದೆವು. ಗೋಡೆಯಾಚೆ ಟಾವೆಲ್ ನೇಯುವ ಪವರ್‌ಲೂಮುಗಳು ಖಟ್‌ಖಟ್ ಎನ್ನುತ್ತಲೇ ಇರಬೇಕು. ಕರೆಂಟು ಹೋಗಿ ಅವು ಸುಮ್ಮನಾದರೆ, ಯಾರೋ ಚಾದರ ಎಳೆದಂತೆ ಕಣ್ಣು ಬಿಡುತ್ತಿದ್ದೆವು. ಗಾಳಿಯಲ್ಲಿ ಹತ್ತಿಯ ಧೂಳು, ಎದುರುಮನೆಯ ಹೆಂಗಸರು ಬೀಡಿ ಕಟ್ಟುವಾಗ ಏಳುವ ತಂಬಾಕಿನ ಘಾಟು, ಮಧ್ಯಾಹ್ನಕ್ಕೆ ಒರಳಿನಲ್ಲಿ ಕುಟ್ಟುವ ಶೇಂಗಾ ಹಿಂಡಿಯ ವಾಸನೆ. ಇದೆಲ್ಲ ನಿಮ್ಮಲ್ಲಿ ಹಲವರಿಗೆ ಗೊತ್ತಿದ್ದೀತು. ಆದರೆ ನಮ್ಮ ಮನೆಗೆ ಮಾತ್ರ ಮೇಲೊಂದು ಅಂತಸ್ತಿತ್ತು, ಆ ಅಂತಸ್ತಿನಲ್ಲಿ ಅಮೆರಿಕ ಇತ್ತು.

ಮೇಲಿದ್ದವರು ಮನೆಯ ಮಾಲೀಕರು. ಓಣಿಗೆಲ್ಲ ಅವರು ಟಪಾಲ ಕಾಕಾ. ಓಡುವ ರೈಲಿನ ಡಬ್ಬಿಯಲ್ಲಿ ನಿಂತು ಪತ್ರ ವಿಂಗಡಿಸುವ ಕೆಲಸದಲ್ಲಿ ಅವರ ಆಯುಷ್ಯ ಕಳೆದಿತ್ತು. ಕಣ್ಣು ಮುಚ್ಚಿ ಮೂಸಿ ನೋಡಿ, ಚೀಲ ಯಾವ ಊರಿನದೆಂದು ಹೇಳುತ್ತಿದ್ದರಂತೆ: ಮೆಣಸಿನಕಾಯಿ ಘಾಟಿದ್ದರೆ ಬ್ಯಾಡಗಿ, ಬೆಲ್ಲದ ವಾಸನೆಯಿದ್ದರೆ ಕೊಲ್ಲಾಪುರ. ನಾವು ಹುಡುಗರು ಅದನ್ನು ಅರ್ಧ ನಂಬಿ ಅರ್ಧ ನಗುತ್ತಿದ್ದೆವು.

ಹರೆಯದಲ್ಲಿ ಅವರಿಗೆ ಅಮೆರಿಕದ ಒಬ್ಬ ಶಾಲೆ ಟೀಚರಮ್ಮನ ಪತ್ರಸ್ನೇಹವಿತ್ತು. ಆಕೆ ವರ್ಷಕ್ಕೊಂದರಂತೆ ಹನ್ನೆರಡು ಚಿತ್ರದ ಕಾರ್ಡು ಕಳಿಸಿದ್ದಳು. ಆಮೇಲೆ ಕಳಿಸಲಿಲ್ಲ. ಯಾಕೆಂದು ಕಾಕಾಗೂ ತಿಳಿಯಲಿಲ್ಲ. ಆ ಕಾರ್ಡುಗಳಲ್ಲಿ ಆಕೆಯ ಸೀಮೆಯ ಮೂಲನಿವಾಸಿಗಳಾದ ಪ್ವೆಬ್ಲೊ ಜನರಿದ್ದರು. ಚಿತ್ರಗಳು ಆಕೆ ಕಳಿಸುವ ಹೊತ್ತಿಗೇ ಬಹಳ ಹಳೆಯವು. ಮೂವರು ಹೆಂಗಸರು ಮೊಣಕಾಲೂರಿ ಇಳಿಜಾರು ಕಲ್ಲಿನ ಮೇಲೆ ಮೆಕ್ಕೆಜೋಳ ಅರೆಯುತ್ತಿದ್ದರು. ಗುಮ್ಮಟದಂಥ ಮಣ್ಣಿನ ಒಲೆಯಿಂದ ಒಬ್ಬಾಕೆ ರೊಟ್ಟಿ ತೆಗೆಯುತ್ತಿದ್ದಳು. ಒಬ್ಬಾಕೆ ತಲೆಯ ಮೇಲೆ ಕೊಡ ಹೊತ್ತಿದ್ದಳು. ಮಣ್ಣಿನ ಮಾಳಿಗೆಯಿಂದ ಕೆಂಪು ಮೆಣಸಿನಕಾಯಿಯ ಸರಗಳು ಇಳಿಬಿದ್ದಿದ್ದವು, ಮಾಳಿಗೆಯಿಂದ ಮಾಳಿಗೆಗೆ ಏಣಿ.

ಅವನ್ನು ನೋಡಲು ಭಾನುವಾರವೇ ಆಗಬೇಕು. ಮೇಲಿನಿಂದ ಕೂಗು ಬರುತ್ತಿತ್ತು.

"ಸುಮಿ, ಕೈ ತೊಳ್ಕೊಂಡು ಬಾ."

ನಾನು ಸಾಬೂನು ಹಚ್ಚಿ ತೊಳೆದು, ಒರೆಸಿಕೊಂಡು, ಅಂಗೈ ಎರಡೂ ತೋರಿಸಬೇಕು. ಆಮೇಲೆ ಕಾಕಾ ಒಂದೊಂದೇ ಕಾರ್ಡನ್ನು, ಬಂದ ವರ್ಷದ ಕ್ರಮದಲ್ಲೇ, ಹೆಬ್ಬೆರಳಿನಿಂದ ಸರಿಸಿ ಕೊಡುತ್ತಿದ್ದರು. ಹಿಂದಿನ ಬರಹ ಏನೆಂದು ಕೇಳಿದರೆ ಮಾತ್ರ ಮುಖ ಬಿಗಿಯುತ್ತಿತ್ತು. "ಟಪಾಲಿನಾಗ ಕೆಲಸ ಮಾಡಿದಾಂವ ಕಾರ್ಡ್ ಓದಿ ಹೇಳಂಗಿಲ್ಲ, ಬಾಳಾ. ಯಾರಿಗೆ ಬರದಾರ, ಅವರಿಗಷ್ಟ." ಓಣಿಯಲ್ಲಿ ಬೇರೆ ಯಾವ ಮಗುವಿಗೂ ಆ ಕೂಗಿರಲಿಲ್ಲ. ಹತ್ತು ವರ್ಷದ ನನಗೆ ಅದೊಂದು ದೊಡ್ಡಸ್ತಿಕೆ.

ಆ ದೊಡ್ಡಸ್ತಿಕೆಯೇ ನನ್ನನ್ನು ಕೆಡಿಸಿತು. ಅವ್ವನ ತವರು ಅಕ್ಕಲಕೋಟೆಯ ಆಚೆಯ ಹನ್ನೂರು. ಕುರಿ ಸಾಕುವವರ, ಬೀರಪ್ಪನಿಗೆ ನಡೆದುಕೊಳ್ಳುವವರ ಮನೆ. ಅಲ್ಲಿ ನನ್ನ ಸೋದರಮಾವನ ಮಗಳು ಲಗಮಿಯ ಮುಂದೆ, ಅಮೆರಿಕದಲ್ಲಿಯೂ ನಿಮ್ಮಂಥವೇ ಮಣ್ಣಿನ ಮನೆಗಳಿವೆ ಎಂದು ಹೇಳಿದ್ದೆ. ಅವಳು ಬಿದ್ದುಬಿದ್ದು ನಕ್ಕಿದ್ದಳು.

"ಅಮೆರಿಕಾದಾಗ ಮಣ್ಣಿನ ಮನಿ! ಸುಳ್ಳ ಹೇಳಾಕೂ ಶಾಣ್ಯಾತನ ಬೇಕವ್ವ."

ಆ ಬೇಸಿಗೆ ಕಾಕಾ ಹದಿನೈದು ದಿನ ಪುಣೆಯ ಮಗಳ ಮನೆಗೆ ಹೋದರು. ಕೀಲಿಯನ್ನು ಅವ್ವನ ಕೈಗೆ ಕೊಟ್ಟು, ತುಳಸಿಗೆ ನೀರು ಹಾಕಲು ನನಗೆ ಹೇಳಿದರು. ನಾನು ಏಳು ದಿನ ತುಳಸಿಗೆ ನೀರು ಹಾಕಿದೆ. ಎಂಟನೆಯ ದಿನ, ನಾವು ಹನ್ನೂರಿಗೆ ಹೊರಡುವ ಮುಂಜಾನೆ, ಕಾಕಾನ ಕಪಾಟಿನಿಂದ ಕಾರ್ಡಿನ ಲಕೋಟೆ ತೆಗೆದು ನನ್ನ ಬಟ್ಟೆಯ ಗಂಟಿನಲ್ಲಿ ಸುತ್ತಿಟ್ಟೆ. ಕೈ ತೊಳೆದುಕೊಂಡೇ ತೆಗೆದಿದ್ದೆ, ಅಷ್ಟು ಧರ್ಮ ಉಳಿದಿತ್ತು! ಬರುವ ಭಾನುವಾರ ನಾವು ಮರಳುತ್ತೇವೆ, ಸೋಮವಾರ ಕಾಕಾ ಬರುತ್ತಾರೆ, ಅಷ್ಟರಲ್ಲಿ ಲಕೋಟೆ ಅದರ ಜಾಗದಲ್ಲಿರುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಹನ್ನೂರಿನಲ್ಲಿ ಕಾರ್ಡು ನೋಡಿ ಲಗಮಿಯ ಬಾಯಿ ಮುಚ್ಚಿತು, ಅದೇನೋ ನಿಜ. ಆದರೆ ಸುದ್ದಿ ಹರಡಿ ಅಲ್ಲಿನ ಓಣಿಯ ಹೆಂಗಸರೆಲ್ಲ ಆಯಿಯ ಅಂಗಳಕ್ಕೆ ಬಂದರು. ಆಯಿ ಅಂದರೆ ಅವ್ವನ ತಾಯಿ. "ಅಯ್ಯ, ಇಕಿ ಕೊಡ ಹೊತ್ತಿದ್ದು ನೋಡ್ರಿ, ಕೊಡದ ಬುಡಕಿನ ಇರ್ಕಿ ಸುದ್ದಾ ನಮ್ಮಂಥಾದ ಅದ!" ಎಂದು ಒಬ್ಬಳು. "ಹೊರಗ ಒಲಿ ಇಟ್ಟಾರ. ಶಾಣ್ಯಾರು, ಮನ್ಯಾಗ ಹೊಗಿ ಇಲ್ಲ" ಎಂದು ಮತ್ತೊಬ್ಬಳು. ಯಾರ ಕೈಯನ್ನೂ ನಾನು ತೊಳೆಸಲಿಲ್ಲ. ಬೆಣ್ಣೆಯ ಕೈ, ಕುರಿಯ ಕೈ, ಅರಿಶಿನದ ಕೈ, ಎಲ್ಲ ಕೈ ದಾಟಿ ಒಂಬತ್ತನೆಯ ಕಾರ್ಡು ಆಯಿಯ ಕೈಗೆ ಬಂತು. ಅದರಲ್ಲಿ ಒಬ್ಬ ಮುದುಕ ಹೆಗಲಿಗೆ ಕಂಬಳಿ ಹೊದ್ದು, ಕೋಲು ಹಿಡಿದು, ಮಣ್ಣಿನ ಗೋಡೆಗೆ ಒರಗಿದ್ದ. ಹಿಂದೆ ಕುರಿಯ ದೊಡ್ಡಿ. ಮುಖ ಕ್ಯಾಮೆರಾದತ್ತ ಇರಲಿಲ್ಲ, ಬೇಕೆಂದೇ ಬೇರೆ ಕಡೆ ತಿರುಗಿಸಿದಂತಿತ್ತು. ಆಯಿ ಅದನ್ನು ಹಿಡಿದು ಒಳಗೆ ಹೋದಳು. ಬೆಳಕಿಗೆ ನೋಡುತ್ತಾಳೆ ಎಂದುಕೊಂಡೆ.

ಸಂಜೆ ಎಣಿಸಿದರೆ ಹನ್ನೊಂದು. ಒಳಗೆ ಓಡಿದೆ. ದೇವರ ಜಗಲಿಯ ಮೇಲೆ, ಬೆಳ್ಳಿಯ ಟಾಕುಗಳ ಸಾಲಿನಲ್ಲಿ, ಕಾರ್ಡು ಗೋಡೆಗೆ ಆನಿಸಿ ನಿಂತಿತ್ತು. ಟಾಕು ಅಂದರೆ ದೇವರದೂ ಸತ್ತ ಹಿರಿಯರದೂ ಮೂರ್ತಿ ಒತ್ತಿದ ಚಿಕ್ಕ ತಗಡು. ಮುದುಕನ ಹಣೆಗೆ, ಕಂಬಳಿಗೆ, ಕಾಲಿಗೆ ಆಯಿ ಭಂಡಾರ ಬಳಿದಿದ್ದಳು. ಆ ಅರಿಶಿನ ಪುಡಿ ಅವನ ಮುಖದ ಅರ್ಧವನ್ನು ನುಂಗಿತ್ತು.

"ಆಯಿ, ಅದು ಕಾಕಾಂದು! ಕೊಡು!"

"ನಮ್ಮಪ್ಪಂದೊಂದ ಫೋಟೋ ಇಲ್ಲ, ಸುಮಿ" ಎಂದಳು ಆಯಿ, ನನ್ನ ಕಡೆ ನೋಡದೆ. ಅವಳು ತವರಿನಲ್ಲೇ ಉಳಿದ ಒಬ್ಬಳೇ ಮಗಳು, ಅಜ್ಜ ಮನೆಯಳಿಯನಾಗಿ ಬಂದವನು. ಹಾಗಾಗಿ ಆ ಜಗಲಿ ಅವಳ ಅಪ್ಪನದೇ. "ಫೋಟೋ ಹಿಡ್ಯಾಂವ ಬಂದ್ರ ಹಿಂಗಽ ಮಾರಿ ತಿರುವತಿದ್ದ. ಇದಽ ಮೂಗು, ಇದಽ ಕಂಬಳಿ."

"ಇಂವ ನಿಮ್ಮಪ್ಪ ಅಲ್ಲ. ಅಮೆರಿಕಾದಾಂವ!"

"ಅಲ್ಲ ಅಂತ ನನಗ ತಿಳ್ಯಂಗಿಲ್ಲೇನು? ನನಗೇನ ಬುದ್ಧಿ ಇಲ್ಲೇನ? ಮಾರಿ ಅವಂದಽ ಅದ. ಸಾಕು."

ಭಂಡಾರ ಹಚ್ಚಿ ಜಗಲಿಗೆ ಏರಿಸಿದ ಮೇಲೆ ಮನುಷ್ಯರು ಇಳಿಸಬಾರದು. ದೇವರನ್ನೇ ಹೂವಿನಿಂದ ಕೇಳಬೇಕು. ಅದೂ ಭಾನುವಾರವೇ ಕೇಳಬೇಕು, ಅದು ಬೀರಪ್ಪನ ವಾರ. ಅಂದು ಬುಧವಾರ. ಮುಂದಿನ ಮೂರು ದಿನ ಲಗಮಿ ಗಜ್ಜುಗದ ಆಟಕ್ಕೆ ಕರೆದರೆ ಹೋಗುತ್ತಿದ್ದೆ, ಆದರೆ ಕಾಯಿ ಮೇಲೆಸೆದು ಹಿಡಿಯುವುದನ್ನೇ ಮರೆಯುತ್ತಿದ್ದೆ. ಅವ್ವನಿಗೆ, ಕಾಕಾ ತಾವೇ ಕೊಟ್ಟಿದ್ದಾರೆ ಎಂದು ಸುಳ್ಳು ಹೇಳಿಬಿಟ್ಟಿದ್ದೆ. ಹಾಗಾಗಿ ಅವಳ ಸಹಾಯ ಕೇಳಲೂ ಬಾಯಿರಲಿಲ್ಲ.

ಭಾನುವಾರ ಬೆಳಗ್ಗೆ ಆಯಿ ಮಿಂದು, ಎರಡು ಕಣಗಿಲೆ ಮೊಗ್ಗು ತಂದು, ನೀರಿನಲ್ಲಿ ಅದ್ದಿ, ಬೀರಪ್ಪನ ಟಾಕಿನ ಬಲಕ್ಕೊಂದು ಎಡಕ್ಕೊಂದು ಅಂಟಿಸಿದಳು.

"ಬಲದ್ದು ಬಿದ್ರ ಒಯ್ಯಿ. ಎಡದ್ದು ಬಿದ್ರ ಇಲ್ಲೇ ಇರತಾನ."

ಅವಳು ಕಣ್ಣು ಮುಚ್ಚಿ ಕೈಮುಗಿದಳು. ನಾನು ಪಕ್ಕದಲ್ಲೇ ಕೂತೆ. ಹೊರಗೆ ಕುರಿಮರಿಯೊಂದು ಒಂದೇ ಸಮನೆ ಕೂಗುತ್ತಿತ್ತು. ಅವ್ವ ಚೀಲ ಕಟ್ಟುತ್ತಾ, "ಬಸ್ಸಿನ ಹೊತ್ತಾತು" ಎಂದಳು. ಎಡದ ಮೊಗ್ಗು ಒಂದು ಕೂದಲಿನಷ್ಟು ಜಾರಿತು. ಜಾರಿ ನಿಂತಿತು. ನನಗೆ ತಡೆಯಲಾಗಲಿಲ್ಲ. ತುಟಿ ಸಣ್ಣಗೆ ಮಾಡಿ, ಸದ್ದಾಗದ ಹಾಗೆ, ಬಲದ ಮೊಗ್ಗಿನತ್ತ ಉಸಿರು ಬಿಟ್ಟೆ.

ಬಲದ ಮೊಗ್ಗು ಬಿತ್ತು.

ತಲೆಯೆತ್ತಿದರೆ ಆಯಿಯ ಕಣ್ಣು ತೆರೆದಿದ್ದವು.

"ಊದಿದಿ" ಎಂದಳು. ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. "ದೇವರ ಬಾಯಾಗ ನಿನ್ನ ಮಾತ ಇಟ್ಟಿ. ಇನ್ನ ಮುಂದಿನ ಐತವಾರದ ತನಕಾ ಕೇಳಂಗಿಲ್ಲ."

"ಇನ್ನೊಮ್ಮೆ ಕೇಳ, ಆಯಿ. ನಿನ್ನ ಕಾಲ ಬೀಳ್ತೀನಿ."

"ಅಂವ ಒಂದ ಸಲಾನ ಹೇಳ್ತಾನ. ಅದನ್ನ ನೀನಽ ಕೆಡಿಸಿದಿ."

ಸುಮ್ಮನಿದ್ದಿದ್ದರೆ ಯಾವುದು ಬೀಳುತ್ತಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಅಕ್ಕಲಕೋಟೆ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗಲೂ, ಕಿಟಕಿ ಹಿಡಿದು ಕೂತು ಸೊಲ್ಲಾಪುರ ತಲುಪುವವರೆಗೂ ನನಗೆ ಇದೊಂದೇ ಗುಂಗು. ಮನೆಗೆ ಬಂದು ಹನ್ನೊಂದು ಕಾರ್ಡಿನ ಲಕೋಟೆಯನ್ನು ಅದರ ಜಾಗದಲ್ಲಿಟ್ಟೆ.

ಸೋಮವಾರ ಕಾಕಾ ಬಂದರು. ನನಗೆಂದು ಪುಣೆಯಿಂದ ಬಾಕರವಡಿ ತಂದಿದ್ದರು. ಅದನ್ನು ತಿನ್ನುವಾಗಿನ ಸಂಕಟ ಶತ್ರುವಿಗೂ ಬೇಡ. ಪ್ರತಿದಿನ ಮೇಲಿನ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಬದುಕಿದೆ. ಕಪಾಟಿನ ಬಾಗಿಲು ಕಿರುಗುಟ್ಟಿದರೆ ಓಣಿಗೆ ಓಡುತ್ತಿದ್ದೆ. ಕೊನೆಗೆ ಭಾನುವಾರ ಬಂತು.

"ಸುಮಿ, ಕೈ ತೊಳ್ಕೊಂಡು ಬಾ."

ಆ ದಿನ ನಾನು ತೊಳೆದಷ್ಟು ಹೊತ್ತು ಯಾರೂ ಕೈ ತೊಳೆದಿರಲಾರರು. ಮೇಲೆ ಹೋಗಿ ಅಂಗೈ ತೋರಿಸಿದೆ. ಕಾಕಾ ಹೆಬ್ಬೆರಳಿನಿಂದ ಕಾರ್ಡು ಸರಿಸತೊಡಗಿದರು. ಎಂಟು ಸರಿದವು. ಬೆರಳು ನಿಂತಿತು. ಲಕೋಟೆ ತೆರೆದು ನೋಡಿದರು, ಕಪಾಟಿನಲ್ಲಿ ನೋಡಿದರು, ಗಾದಿಯ ಕೆಳಗೆ ನೋಡಿದರು.

"ಒಂಬತ್ತನೇದು ಎಲ್ಲಿ ಹೋತು? ನೀ ನೋಡಿಯೇನು?"

"ಇಲ್ಲರಿ ಕಾಕಾ. ನನಗ ಗೊತ್ತಿಲ್ಲ."

ಅವರು ನನ್ನ ಮಾತು ನಂಬಿದರು. ಅದೇ ನನಗೆ ಹೆಚ್ಚು ಚುಚ್ಚಿತು. ಪಾಪ, ಮತ್ತೊಮ್ಮೆ ಗಾದಿ ಎತ್ತಿದರು. ಆಮೇಲೆ ಏನೋ ನೆನಪಾದವರಂತೆ ಕೂತು, ಲಕೋಟೆಯನ್ನು ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿದರು.

"ಕುರಿ" ಎಂದರು. ಇನ್ನೊಮ್ಮೆ ಮೂಸಿದರು. "ಬೆಣ್ಣಿ. ಭಂಡಾರ." ಕಣ್ಣು ಬಿಟ್ಟರು. "ಹನ್ನೂರ."

ಆಗ ನಾನು ಅತ್ತುಬಿಟ್ಟೆ. ಅತ್ತೂ ಅತ್ತೂ ಎಲ್ಲವನ್ನೂ ಹೇಳಿದೆ, ಹೂವಿಗೆ ಊದಿದ್ದನ್ನೂ ಬಿಡಲಿಲ್ಲ. ಅವರು ಕೇಳಿ ಮುಗಿಸಿ, ಹನ್ನೊಂದನ್ನೂ ಲಕೋಟೆಗೆ ಹಾಕಿ, "ಬರೋ ಐತವಾರ ಹೋಗೋಣು" ಎಂದಷ್ಟೇ ಹೇಳಿದರು.

ಹೋದೆವು, ಕಾಕಾ, ಅವ್ವ, ನಾನು. ದಾರಿಯುದ್ದಕ್ಕೂ ಅವ್ವ ನನ್ನ ತೊಡೆ ಚಿವುಟುತ್ತಿದ್ದಳು. ಆಯಿ ಕಾಕಾನ ಕಾಲಿಗೆ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು, ಆಮೇಲೆ ಒಳಗೆ ಕರೆದಳು.

"ತಪ್ಪ ಆಗ್ಯದರಿ ಅಣ್ಣಾರ. ಇಂದ ಐತವಾರ. ಹೂ ಕೇಳ್ತೀನಿ. ದೇವರ ಕೊಟ್ರ ಒಯ್ಯಿರಿ."

ಎರಡು ಮೊಗ್ಗು ಅಂಟಿದವು. ನಾನು ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತೆ. ಕಾಕಾ ಕಾರ್ಡನ್ನೇ ನೋಡುತ್ತಿದ್ದರು. ಭಂಡಾರ ಒಣಗಿ ಬಿರುಕು ಬಿಟ್ಟಿತ್ತು. ಬಲದ ಮೊಗ್ಗು ಅಲುಗಿತು. ಜಾರತೊಡಗಿತು.

ಕಾಕಾ ಕೈಚಾಚಿ ಅದನ್ನು ಬೀಳುವ ಮೊದಲೇ ಬೆರಳಿನಿಂದ ಒತ್ತಿ ಹಿಡಿದರು.

"ಅಸು ದೇ, ಇರ್ಲಿ ಬಿಡ್ರಿ. ಕೇಳಬ್ಯಾಡ್ರಿ ಅಕ್ಕಾರ."

ಆಯಿ ಬೆರಗಾಗಿ ನೋಡಿದಳು. ಕಾಕಾ ನೆಲದ ಮೇಲೆ ಕೂತರು. ಆಮೇಲೆ, ಆಯುಷ್ಯದಲ್ಲಿ ಯಾರಿಗೂ ಮಾಡದ ಕೆಲಸ ಮಾಡಿದರು. ಕಾರ್ಡಿನ ಹಿಂದೆ ಬರೆದದ್ದನ್ನು, ಅದನ್ನು ಮುಟ್ಟದೆಯೇ, ಬಾಯಿಪಾಠದಿಂದ, ನಮ್ಮ ಭಾಷೆಯಲ್ಲಿ ಹೇಳಿದರು.

"'ಈ ಮುದುಕನ ಮೊಮ್ಮಗಳು ನಮ್ಮ ಸಾಲ್ಯಾಗ ಅಡಗಿ ಮಾಡ್ತಾಳ. ಅವರ ಮನ್ಯಾಗ ಇವಂದೊಂದೂ ಫೋಟೋ ಇದ್ದಿಲ್ಲ. ಕೇಳದಽ ತಗದ ಚಿತ್ರ ಅಂಗಡ್ಯಾಗ ಮಾರಾಕ ಇಟ್ಟಿದ್ದ ನೋಡಿ ಅಕಿ ಅತ್ತಳು. ನಾನು ಎರಡ ತಗೊಂಡೆ. ಒಂದ ಅಕಿಗೆ ಕೊಟ್ಟೆ. ಇದು ನಿಮಗ. ಜ್ವಾಕಿ ಮಾಡ್ರಿ.' ಇಷ್ಟಽ ಬರದಾಳ್ರಿ."

ಆಯಿ ಜಗಲಿಯ ಮೇಲಿನ ಕಾರ್ಡಿನತ್ತ ತಿರುಗಿದಳು.

"ಹಂಗಾರ ಅಲ್ಲೂ ಒಂದ ಜಗಲಿ ಮ್ಯಾಲ ಅದಾನ" ಎಂದಳು.

"ಇರಬೇಕ್ರಿ" ಎಂದರು ಕಾಕಾ. ಮಜ್ಜಿಗೆಯ ಲೋಟ ತೆಗೆದುಕೊಂಡರು, ಕುಡಿಯಲಿಲ್ಲ.

ಇದೆಲ್ಲ ಆಗಿ ಮೂವತ್ತು ವರ್ಷದ ಮೇಲಾಯಿತು. ಆಯಿ ಹೋದ ಮೇಲೆ ಮಾಮಾ ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿದರು. ಗೆದ್ದಲು ತಿಂದುಳಿದ ಕಾರ್ಡನ್ನು ಹಳೆಯ ದೇವರ ಪಟಗಳ ಜೊತೆ ಹೊಳೆಗೆ ಬಿಟ್ಟರಂತೆ. ಕಾಕಾನ ಹನ್ನೊಂದು ಕಾರ್ಡು ಎಲ್ಲಿ ಹೋದವೋ ತಿಳಿಯದು. ಮಗ್ಗಗಳು ಓಣಿ ಬಿಟ್ಟಿವೆ, ಈಗ ಅಲ್ಲಿನ ಮಕ್ಕಳು ಮೊಬೈಲಿನ ಅಲಾರಮ್ಮಿಗೆ ಏಳುತ್ತಾರೆ. ಮೊನ್ನೆ ನನ್ನ ಮಗಳಿಗೆ ಪ್ವೆಬ್ಲೊ ಜನರ ಕತೆ ಹೇಳಿದಾಗ ಅವಳು ಫೋನಿನಲ್ಲಿ ಅಂಥ ನೂರಾರು ಹಳೆಯ ಚಿತ್ರಗಳನ್ನು ಕ್ಷಣದಲ್ಲಿ ತೆಗೆದಳು. ಅವರ ಎಷ್ಟೋ ಊರುಗಳಲ್ಲಿ ಈಗ ಕೇಳದೆ ಫೋಟೋ ತೆಗೆಯುವಂತಿಲ್ಲವಂತೆ, ಅದನ್ನೂ ಅವಳೇ ಓದಿ ಹೇಳಿದಳು. ಅವಳ ಬೆರಳಿಗೆ ಚಿಪ್ಸಿನ ಎಣ್ಣೆ ಅಂಟಿತ್ತು. ಕೈ ತೊಳೆ ಎನ್ನಲು ಬಾಯಿ ತೆರೆದವಳು, ಸೆರಗಿನಿಂದ ನಾನೇ ಅವಳ ಬೆರಳು ಒರೆಸಿದೆ.

ಕಾಕಾ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಹನ್ನೂರಿನಿಂದ ಬಂದ ಮೇಲೂ ಮಾತಾಡಿಸುತ್ತಿದ್ದರು, ಪುಣೆಗೆ ಹೋದರೆ ಬಾಕರವಡಿ ತರುತ್ತಿದ್ದರು. ಎಲ್ಲ ಸರಿಯಾಯಿತು ಎಂದೇ ನಾನು ತಿಳಿದಿದ್ದೆ. ಹನ್ನೂರಿಗೆ ಹೋಗಿಬಂದ ಮುಂದಿನ ಭಾನುವಾರ ಸಾಬೂನು ಹಚ್ಚಿ ಕೈ ತೊಳೆದು, ಒರೆಸಿಕೊಳ್ಳದೆ, ಅವರ ಮೆಟ್ಟಿಲ ಮೇಲೆ ಕೂತೆ. ಮೇಲೆ ಕಪಾಟಿನ ಬಾಗಿಲು ಕಿರುಗುಟ್ಟಿತು. ಕಾರ್ಡು ಸರಿಯುವ ಸದ್ದೂ ಕೇಳಿತು. ನನ್ನ ಕೈ ತಾನಾಗಿಯೇ ಒಣಗಿತು. ಕೂಗು ಬರಲಿಲ್ಲ.